ಕೈಗೂ ಒಂದು ಪಿರಿಯಡ್ ಬೇಕಲ್ವಾ? – ಓದುಗರ ಪ್ರಶ್ನೆ, ಅಕ್ಕೋರ ಉತ್ತರ

ಶಾಲೆ ಶುರುವಾಗುವ ಹೊತ್ತಿಗೆ ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. ಒಂಬತ್ತನೇ ಕ್ಲಾಸಿಗೆ ಯಾವ ವಿಷಯ ಆರಿಸಿಕೊಳ್ಳಬೇಕು? ಪ್ರಾಕ್ಟಿಕಲ್ ಕ್ಲಾಸಿಗೆ ಬೆಲೆ ಇದೆಯಾ? ಹೊಲಿಗೆ, ಡ್ರಾಯಿಂಗ್, ಕಂಪ್ಯೂಟರ್ ಅಂತ ಕೂತರೆ ಓದು ಹಾಳಾಗುತ್ತದಾ? ಈ ಸಂಚಿಕೆಗೆ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಹೊಸ ಓದುಗರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಕಲಬುರಗಿಯ ಸರ್ಕಾರಿ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್ ಆಗಿ ನಿವೃತ್ತಳಾದವಳು. ಟೈಮ್ ಟೇಬಲ್ ಹಾಕುವಾಗ ಗಣಿತ, ಇಂಗ್ಲಿಷ್, ವಿಜ್ಞಾನ ಎಲ್ಲ ಕೂತ ಮೇಲೆ ಉಳಿದ ಜಾಗ ಸಿಗುತ್ತಿತ್ತಲ್ಲ, ಅದು ನನ್ನ ಪಿರಿಯಡ್. ಹೀಗಾಗಿ ನನ್ನ ಉತ್ತರಗಳಲ್ಲಿ ಸ್ವಲ್ಪ ಪಕ್ಷಪಾತ ಕಂಡರೆ ಕಾಣಲಿ ಬಿಡಿ.

ಅಕ್ಕೋರೆ, ಮಗಳು ಒಂಬತ್ತನೇ ಕ್ಲಾಸಿಗೆ ಬಂದಿದ್ದಾಳೆ. ಶಾಲೆಯಲ್ಲಿ ಹಿಂದಿ ಬದಲು ಐಟಿ ಇಲ್ಲವೇ ಬ್ಯೂಟಿ ಆ್ಯಂಡ್ ವೆಲ್‌ನೆಸ್ ತಗೋಬಹುದು ಅಂದಿದ್ದಾರೆ. ಅವಳಿಗೆ ಐಟಿ ಬೇಕಂತೆ. ಹಿಂದಿ ಬಿಟ್ಟರೆ ಮುಂದೆ ತ್ರಾಸ ಆಗ್ತದ ಅಂತ ಅವರಪ್ಪ ಹೇಳ್ತಾರೆ. ಯಾರ ಮಾತು ಕೇಳಲಿ? – ಒಬ್ಬ ತಾಯಿ, ಆಳಂದ

ಮಗಳ ಮಾತು ಕೇಳಿ. ಆದರೆ ಫಾರ್ಮಿಗೆ ಸಹಿ ಹಾಕುವ ಮೊದಲು ನೀವೇ ಶಾಲೆಗೆ ಹೋಗಿ ಆ ಕೋಣೆ ನೋಡಿ ಬನ್ನಿ.

ಶಾಲೆಯವರು ಎನ್‌ಎಸ್‌ಕ್ಯೂಎಫ್ ಅಂತ ಕರೆಯುವ ವಿಷಯಗಳು ಇವು. ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಅಂತ 2013ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದದ್ದು. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಆಯ್ದ ಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದ ಇವು ಶುರುವಾಗುತ್ತವೆ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಐಟಿ, ರೀಟೇಲ್, ಆಟೊಮೊಬೈಲ್, ಬ್ಯೂಟಿ ಆ್ಯಂಡ್ ವೆಲ್‌ನೆಸ್, ಆರೋಗ್ಯ ಸೇವೆ. ಎಲ್ಲವೂ ಒಂದೇ ಶಾಲೆಯಲ್ಲಿ ಸಿಗುವುದಿಲ್ಲ. ಸಾಮಾನ್ಯವಾಗಿ ಎರಡು ಇರುತ್ತವೆ, ಅದರಲ್ಲಿ ಒಂದನ್ನು ಆರಿಸಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಅದು ತೃತೀಯ ಭಾಷೆಯ ಜಾಗದಲ್ಲಿ ಕೂರುತ್ತದೆ. ಬರೆಯುವ ಪರೀಕ್ಷೆಯೂ ಉಂಟು, ಪ್ರಾಕ್ಟಿಕಲ್ಲೂ ಉಂಟು. ಒಂಬತ್ತು, ಹತ್ತು ಎರಡೂ ವರ್ಷ ಒಂದೇ ವಿಷಯ ನಡೆಯಬೇಕು. ಹತ್ತಕ್ಕೆ ಬಂದ ಮೇಲೆ ಮನಸ್ಸು ಬದಲಾಯಿಸಲು ಆಗುವುದಿಲ್ಲ. ಮೂರನೇ ಭಾಷೆಯ ಬಗ್ಗೆ ಸರ್ಕಾರದ ಮಟ್ಟದಲ್ಲಿ ಚರ್ಚೆ ನಡೆಯುತ್ತಲೇ ಇರುತ್ತದೆ. ಆದ್ದರಿಂದ ಈ ವರ್ಷದ ಸುತ್ತೋಲೆ ತೋರಿಸಿ ಅಂತ ಮುಖ್ಯ ಶಿಕ್ಷಕರನ್ನು ಕೇಳಿ. ಸಂಕೋಚ ಪಡಬೇಡಿ, ಅದು ಗುಟ್ಟಿನ ಕಾಗದವೇನೂ ಅಲ್ಲ.

ಈಗ ಅವರಪ್ಪನ ಭಯ. ಪಿಯುಸಿ ಸೇರಲು, ಡಿಪ್ಲೊಮಾ ಸೇರಲು ಹಿಂದಿ ಓದಿದ್ದೀಯಾ ಅಂತ ಯಾರೂ ಕೇಳುವುದಿಲ್ಲ. ಪಾಲಿಟೆಕ್ನಿಕ್‌ನವರು ಗಣಿತ, ವಿಜ್ಞಾನ ನೋಡುತ್ತಾರೆ. ಇನ್ನು ಮಾತಾಡುವ ಹಿಂದಿ? ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಒಂದು ಸುತ್ತು ಹಾಕಿದರೆ ಕನ್ನಡ, ದಖನಿ, ಹಿಂದಿ, ಮರಾಠಿ ಎಲ್ಲವೂ ಕಿವಿಗೆ ಬೀಳುತ್ತವೆ. ನಮ್ಮ ಹುಡುಗಿಯರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಓದಿ ಬರೆಯುವ ಹಿಂದಿ ಮಾತ್ರ ಶಾಲೆಯಲ್ಲೇ ಬರಬೇಕು. ನಿಮ್ಮ ಮಗಳಿಗೆ ಹಿಂದಿಯೇ ಇಷ್ಟ ಅಂದಿದ್ದರೆ ನಾನು ಬೇರೆ ಉತ್ತರ ಕೊಡುತ್ತಿದ್ದೆ. ಒಂದು ನಿಜವಾದ ತೊಂದರೆ ಇದೆ. ನಡುವೆ ಊರು ಬಿಟ್ಟು ಬೇರೆ ಶಾಲೆ ಸೇರಬೇಕಾದರೆ, ಅಲ್ಲಿ ಇದೇ ವಿಷಯ ಇಲ್ಲದಿದ್ದರೆ ಮಗು ಸಿಕ್ಕಿಹಾಕಿಕೊಳ್ಳುತ್ತದೆ. ನಿಮ್ಮ ಯಜಮಾನರದ್ದು ವರ್ಗಾವಣೆಯ ನೌಕರಿಯಾದರೆ ಇದನ್ನು ಮೊದಲು ಯೋಚಿಸಿ.

ಐಟಿ ಅಂದ ತಕ್ಷಣ ಬೆಂಗಳೂರಿನ ಗಾಜಿನ ಕಟ್ಟಡ ಕಣ್ಣಿಗೆ ಬರಬಾರದು. ಭೋಪಾಲದಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿಯ ವೃತ್ತಿ ಶಿಕ್ಷಣ ಸಂಸ್ಥೆ ಇದೆ, ಪಠ್ಯದ ಚೌಕಟ್ಟು ಅಲ್ಲಿಂದ ಬರುತ್ತದೆ. ಅದರಲ್ಲಿ ಒಂಬತ್ತು–ಹತ್ತರ ಐಟಿ ಗುರಿ ಡೇಟಾ ಎಂಟ್ರಿ ಆಪರೇಟರ್ ಮಟ್ಟದ್ದು. ಹತ್ತು ಬೆರಳಲ್ಲಿ ಟೈಪ್ ಮಾಡುವುದು, ಪತ್ರ ತಯಾರಿಸುವುದು, ಸ್ಪ್ರೆಡ್‌ಶೀಟ್‌ನಲ್ಲಿ ಲೆಕ್ಕ ಹಾಕುವುದು, ಇಮೇಲ್ ಕಳಿಸುವುದು, ನಾಲ್ಕು ಜನರ ಮುಂದೆ ಸರಿಯಾಗಿ ಮಾತಾಡುವುದು. ಇಷ್ಟೇನಾ ಅನ್ನಬೇಡಿ. ಡಿಗ್ರಿ ಮುಗಿಸಿದವರೂ ಒಂದು ಅರ್ಜಿ ಟೈಪ್ ಮಾಡಿಸಲು ಸೈಬರ್ ಸೆಂಟರ್‌ನಲ್ಲಿ ಸಾಲು ನಿಲ್ಲುತ್ತಾರೆ. ಮಗಳಿಗೆ ಟೈಪಿಂಗ್ ಕೈಗೆ ಹತ್ತಿದರೆ ಶಾಲಾ ಪರೀಕ್ಷಾ ಮಂಡಳಿಯೇ ನಡೆಸುವ ಜೂನಿಯರ್, ಸೀನಿಯರ್ ಬೆರಳಚ್ಚು ಪರೀಕ್ಷೆಗಳನ್ನೂ ಕಟ್ಟಿಸಿ. ಸರ್ಕಾರಿ ಕಚೇರಿಯ ಟೈಪಿಸ್ಟ್ ಹುದ್ದೆಗೆ ಅದು ಬೇಕಾಗುತ್ತದೆ.

ಶಾಲೆಗೆ ಹೋದಾಗ ಏನು ನೋಡಬೇಕು? ಕಂಪ್ಯೂಟರ್ ಎಷ್ಟಿವೆ ಅಂತ ಕೇಳಬೇಡಿ, ಎಷ್ಟು ಚಾಲೂ ಇವೆ ಅಂತ ಕೇಳಿ. ಕರೆಂಟ್ ಹೋದರೆ ಏನು ಮಾಡುತ್ತೀರಿ ಅಂತಲೂ ಕೇಳಿ. ಕಲಿಸುವ ತರಬೇತುದಾರರು ಸಾಮಾನ್ಯವಾಗಿ ಗುತ್ತಿಗೆಯ ಮೇಲೆ ಬಂದವರು. ಅವರು ಈಗಾಗಲೇ ಬಂದಿದ್ದಾರಾ, ಇಲ್ಲ 'ಬರ್ತಾರ್ರಿ' ಅನ್ನುವ ಮಾತಿನಲ್ಲೇ ಇದ್ದಾರಾ? ತರಬೇತುದಾರರಿಲ್ಲದ ಐಟಿ ಕ್ಲಾಸು ಅಂದರೆ ನೋಟ್ಸ್ ಕಾಪಿ ಮಾಡುವ ಇನ್ನೊಂದು ಪಿರಿಯಡ್, ಅಷ್ಟೇ. ಅದಕ್ಕಿಂತ ಹಿಂದಿಯೇ ವಾಸಿ. ಎಲ್ಲಕ್ಕಿಂತ ಒಳ್ಳೆಯ ದಾರಿ ಅಂದರೆ ಹೊರಗೆ ಬಂದು ಹತ್ತನೇ ಕ್ಲಾಸಿನ ಒಂದಿಬ್ಬರು ಹುಡುಗಿಯರನ್ನು ನಿಲ್ಲಿಸಿ, 'ಹೋದ ತಿಂಗಳು ನೀನೇ ಕೂತು ಏನು ಮಾಡಿದಿ?' ಅಂತ ಕೇಳಿ. ತಡವರಿಸದೆ ಹೇಳಿದರೆ ಸೇರಿಸಿ.

ಬ್ಯೂಟಿ ವಿಷಯದ ಬಗ್ಗೆ ನೀವು ಏನೂ ಬರೆದಿಲ್ಲ, ಅಂದರೆ ಅದು ಮನೆಯಲ್ಲಿ ಚರ್ಚೆಗೇ ಬಂದಿಲ್ಲ ಅಂತ ಕಾಣುತ್ತದೆ. ಅದನ್ನು ಕೀಳು ಅಂದುಕೊಳ್ಳಬೇಡಿ. ಚರ್ಮದ ರಚನೆ, ಉಪಕರಣಗಳ ಸ್ವಚ್ಛತೆ, ಸೋಂಕು ಹರಡದಂತೆ ಕೆಲಸ ಮಾಡುವುದು ಎಲ್ಲ ಅದರಲ್ಲಿದೆ. ಊರಲ್ಲಿ ಸ್ವಂತ ದುಡಿಮೆ ಬೇಗ ಶುರು ಮಾಡಲು ಆಗುವ ವಿಷಯ ಅದು.

ಮೇಡಂ, ನಾನು ಎಂಟನೇ ಕ್ಲಾಸ್ ಮುಗಿಸಿದ್ದೇನೆ. ಆಟೊಮೊಬೈಲ್ ತಗೋಬೇಕು ಅಂತ ಆಸೆ. 'ಓದಾಕ ಬರದವರು ತಗೋತಾರ, ಮುಂದ ಪಂಚರ್ ಹಾಕೋದೇ ಗತಿ' ಅಂತ ಗೆಳೆಯರು ಅಣಕಿಸುತ್ತಾರೆ. – ವಿದ್ಯಾರ್ಥಿ, ಶಹಾಪುರ

ತಮ್ಮಾ, ಅಣಕಿಸಿದವರ ಮನೆಯ ಬೈಕ್ ಕೆಟ್ಟಾಗ ಅವರಪ್ಪ ಯಾರ ಹತ್ತಿರ ಹೋಗುತ್ತಾರೆ ಅಂತ ಕೇಳು. ಪಂಚರ್ ಹಾಕುವುದೂ ಕೆಲಸವೇ, ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ನೀನು ಅಲ್ಲಿಗೇ ನಿಲ್ಲಬೇಕಾಗಿಲ್ಲ.

ಹಳೆ ಗಾಡಿಗಳನ್ನು ಕಿವಿಯಿಂದ ರಿಪೇರಿ ಮಾಡುತ್ತಿದ್ದರು. ಪ್ಲಗ್ ತೆಗೆದು ಉಜ್ಜಿ, ಕಾರ್ಬ್ಯುರೇಟರ್ ಬಿಚ್ಚಿ ಊದಿ, ಪಾನಾ ತಿರುಗಿಸಿದರೆ ಗಾಡಿ ಚಾಲೂ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಗಾಡಿ ಹೊಗೆಗೆ ಮಿತಿ ಹಾಕುವ ಬಿಎಸ್–6 ನಿಯಮ ಬಂತು. ಅಲ್ಲಿಂದ ಈಚಿನ ಬೈಕುಗಳಲ್ಲಿ ಹೆಚ್ಚಿನವಕ್ಕೆ ಕಾರ್ಬ್ಯುರೇಟರ್ ಇಲ್ಲ, ಫ್ಯೂಯೆಲ್ ಇಂಜೆಕ್ಷನ್ ಇದೆ. ಸೆನ್ಸರ್ ಇವೆ, ಅವುಗಳ ಲೆಕ್ಕ ನೋಡುವ ಒಂದು ಚಿಕ್ಕ ಕಂಪ್ಯೂಟರ್ ಇದೆ. ತೊಂದರೆ ಎಲ್ಲಿದೆ ಅಂತ ತಿಳಿಯಲು ಸ್ಕ್ಯಾನರ್ ಜೋಡಿಸಿ ಕೋಡ್ ಓದಬೇಕು. ಎಲೆಕ್ಟ್ರಿಕ್ ಸ್ಕೂಟರ್ ಬಂದ ಮೇಲಂತೂ ವೋಲ್ಟೇಜ್, ಕರೆಂಟ್, ಬ್ಯಾಟರಿ ಗೊತ್ತಿಲ್ಲದವನು ಮುಚ್ಚಳ ತೆಗೆಯುವುದೇ ಅಪಾಯ. ಅಂದರೆ ಹತ್ತನೇ ಕ್ಲಾಸಿನ ವಿದ್ಯುತ್ ಪಾಠ ನಿನಗೆ ಗೆಳೆಯರಿಗಿಂತ ಜಾಸ್ತಿ ಬೇಕು. ಓದಲು ಬರದವರ ವಿಷಯ ಅಂತ ಯಾರು ಹೇಳಿದರು?

ಮುಂದಿನ ದಾರಿಗಳನ್ನೂ ತಿಳಿದುಕೋ. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐ ಇದೆ, ಟ್ರೇಡ್ ನೋಡಿಕೊಂಡು ಒಂದು ಅಥವಾ ಎರಡು ವರ್ಷ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೇರಿಸಿದ್ದಾರೆ, ಹೊಸ ಯಂತ್ರಗಳು ಬಂದಿವೆ. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ. ಅದು ಮುಗಿಸಿ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಕಲಬುರಗಿಯಲ್ಲಿ ಜಿಟಿಟಿಸಿ ಅಂತ ಸರ್ಕಾರಿ ಟೂಲ್ ರೂಮ್, ಅಂದರೆ ಕಾರ್ಖಾನೆಯ ಅಚ್ಚು, ಉಪಕರಣ ಮಾಡಲು ಕಲಿಸುವ ಕೇಂದ್ರ ಇದೆ. ಅಲ್ಲಿ ಟೂಲ್ ಆ್ಯಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಕೊನೆಯ ಒಂದು ವರ್ಷ ಕಾರ್ಖಾನೆಯಲ್ಲೇ ಕಲಿಕೆ. ಕೈ ಚುರುಕಿರುವ ಹುಡುಗರು ಅದನ್ನು ಯಾಕೆ ಅಷ್ಟಾಗಿ ಕೇಳುವುದಿಲ್ಲವೋ ನನಗೆ ಇನ್ನೂ ಅರ್ಥವಾಗಿಲ್ಲ.

ಇನ್ನೊಂದು ಮಾತು, ಇದನ್ನು ನಿಮ್ಮಪ್ಪನಿಗೆ ಓದಿ ಹೇಳು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದಲ್ಲಿರುವ ವಿಶೇಷ ಸೌಲಭ್ಯದ 371(ಜೆ) ಪ್ರಮಾಣಪತ್ರ ಈಗಲೇ ಮಾಡಿಸಿಡಲಿ. ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟು ಸೀಟು, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟು ಇರುವುದು ಆ ಕಾಗದದ ಮೇಲೆ. ರಿಸಲ್ಟ್ ಬಂದ ಮೇಲೆ ಸಹಾಯಕ ಆಯುಕ್ತರ ಕಚೇರಿಗೆ ಓಡಿದರೆ ಅಲ್ಲಿ ಜಾತ್ರೆ ನೆರೆದಿರುತ್ತದೆ.

ಮಗ ಚಿತ್ರ ಚೆನ್ನಾಗಿ ಬರೀತಾನೆ. ಶಾಲೆಯಲ್ಲಿ ಡ್ರಾಯಿಂಗ್ ಸರ್ ನಿವೃತ್ತರಾದ ಮೇಲೆ ಆ ಹುದ್ದೆ ಖಾಲಿಯೇ ಇದೆ. ಏನು ಮಾಡಬೇಕು? ಬಿದರಿ ಕೆಲಸ ಕಲಿಸಿದರೆ ಹೇಗೆ? – ತಂದೆ, ಬೀದರ್

ಅಣ್ಣೋರೆ, ಮೊದಲು ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳ ಬಗ್ಗೆ ವಿಚಾರಿಸಿ. ಈ ಚಿತ್ರಕಲಾ ಪರೀಕ್ಷೆಗಳನ್ನು ನಮ್ಮ ಶಾಲಾ ಪರೀಕ್ಷಾ ಮಂಡಳಿಯೇ ನಡೆಸುತ್ತದೆ. ನಿಮ್ಮ ಶಾಲೆಯಲ್ಲಿ ಸರ್ ಇಲ್ಲದಿದ್ದರೂ ಪಕ್ಕದ ಶಾಲೆಯ ಡ್ರಾಯಿಂಗ್ ಸರ್ ಅವರನ್ನು ಕೇಳಿದರೆ ಕಟ್ಟುವ ದಾರಿ ತೋರಿಸುತ್ತಾರೆ. ಚಿತ್ರಕಲೆಯವರು ತಮ್ಮ ಶಿಷ್ಯರನ್ನು ಬಿಟ್ಟುಕೊಡುವುದಿಲ್ಲ. ವಸ್ತು ನೋಡಿ ಬರೆಯುವುದು, ವಿನ್ಯಾಸ, ರೇಖಾಗಣಿತ ಎಲ್ಲ ಅದರಲ್ಲಿ ಬರುವುದರಿಂದ ಕೈಗೆ ಶಿಸ್ತು ಕೂರುತ್ತದೆ. ಮುಂದೆ ಪಿಯುಸಿ ಆದ ಮೇಲೆ ದೃಶ್ಯಕಲೆಯಲ್ಲೇ ನಾಲ್ಕು ವರ್ಷದ ಡಿಗ್ರಿ, ಬಿವಿಎ ಇದೆ. ಎಸ್.ಎಂ. ಪಂಡಿತ್ ನಮ್ಮ ಕಲಬುರಗಿಯವರೇ ಅಲ್ವಾ. ಅವರು ಬರೆದ ದೇವರ ಚಿತ್ರಗಳು ಕ್ಯಾಲೆಂಡರ್ ಆಗಿ ದೇಶದ ಮನೆ ಮನೆಯ ಗೋಡೆಗೆ ಹೋದವು. ಸಿನಿಮಾ ಪೋಸ್ಟರ್‌ಗಳೂ ಅವರ ಕೈಯಿಂದ ಬಂದವು. ಚಿತ್ರ ಬರೆದರೆ ಹೊಟ್ಟೆ ತುಂಬುವುದಿಲ್ಲ ಅನ್ನುವವರಿಗೆ ನಾನು ಅವರ ಹೆಸರು ಹೇಳುತ್ತೇನೆ.

ಇನ್ನು ಬಿದರಿ. ನೀವು ಕೇಳಿದ್ದು ಭಾಳ ಛಲೋ ಪ್ರಶ್ನೆ. ಬೀದರ್‌ನಲ್ಲಿದ್ದೂ ಬಿದರಿ ಹೇಗೆ ಮಾಡುತ್ತಾರೆ ಅಂತ ನೋಡದೆ ಎಸ್ಸೆಸ್ಸೆಲ್ಸಿ ಮುಗಿಸುವ ಮಕ್ಕಳು ಎಷ್ಟೋ ಇದ್ದಾರೆ. ಚೌಬಾರಾ ಹತ್ತಿರ ಅಂಗಡಿ ಸಾಲಿದೆ, ಒಳಗೆ ಠಕ್ ಠಕ್ ಸದ್ದು ಕೇಳುತ್ತದೆ, ಮಕ್ಕಳು ಮುಂದಿನ ರಸ್ತೆಯಲ್ಲಿ ಟ್ಯೂಷನ್‌ಗೆ ಹೋಗುತ್ತಾರೆ. ಆ ಕೆಲಸದಲ್ಲಿ ಒಂದು ವಿಜ್ಞಾನ ಪುಸ್ತಕವೇ ಇದೆ ನೋಡಿ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ಅದು ಮಿಶ್ರಲೋಹದ ಪಾಠ. ಅರದಿಂದ ಉಜ್ಜಿ ನಯ ಮಾಡಿ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟ್‌ನ ದ್ರಾವಣ ಸವರಿದರೆ ಮೇಲ್ಮೈ ಕಪ್ಪಾಗುತ್ತದೆ. ಸತು ತಾಮ್ರವನ್ನು ಅದರ ಲವಣದಿಂದ ಹೊರಗೆ ತಳ್ಳುತ್ತದೆ, ಹತ್ತನೇ ಕ್ಲಾಸಿನ ಸ್ಥಾನಪಲ್ಲಟ ಕ್ರಿಯೆ ಅಂತ ಓದುತ್ತಾರಲ್ಲ, ಅದೇ. ಆ ಕಪ್ಪಿನ ಮೇಲೆ ಚೂಪಾದ ಉಳಿಯಿಂದ ಕೈಯಲ್ಲೇ ಬಳ್ಳಿ, ಹೂವು ಗೀರುತ್ತಾರೆ. ಕೆತ್ತಿದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ತಟ್ಟುತ್ತಾರೆ. ಕೊನೆಗೆ ಕೋಟೆಯ ಹಳೆ ಮಣ್ಣು ಮತ್ತು ನವಸಾಗರ ಸೇರಿಸಿದ ನೀರಿನಲ್ಲಿ ಹಾಕಿದರೆ ಲೋಹ ಕಾಡಿಗೆಯಂಥ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ.

ಚಿತ್ರ ಬರದವನಿಗೆ ಆ ಗೀರುವ ಕೆಲಸ ಆಗುವುದಿಲ್ಲ. ನಿಮ್ಮ ಮಗನಿಗೆ ಬರುತ್ತದೆ. ಹಾಗಂತ ಈಗಲೇ ಶಾಲೆ ಬಿಡಿಸಿ ಕೂರಿಸಬೇಡಿ. ರಜೆಯಲ್ಲಿ ಒಬ್ಬ ಉಸ್ತಾದರ ಹತ್ತಿರ ಕಳಿಸಿ, ಮೊದಲು ಕಾಗದದ ಮೇಲೆ ಬಿದರಿ ಬಳ್ಳಿ ಬರೆಯಲು ಕಲಿಯಲಿ. ಬೆಳ್ಳಿಯ ದರದಲ್ಲಿ ಹೊಸ ಹುಡುಗನ ಕೈಗೆ ತಂತಿ ಯಾರೂ ಕೊಡುವುದಿಲ್ಲ, ಕೊಡಬೇಕೆಂದೂ ಕೇಳಬೇಡಿ. ಕರಗಿಸುವ ಒಲೆಯಿಂದ ಮಕ್ಕಳು ದೂರ ಇರಲಿ. ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ಕೆಲಸಕ್ಕೆ.

ನಿಮ್ಮ ಶಾಲೆಯ ಮುಖ್ಯ ಶಿಕ್ಷಕರಿಗೂ ಒಂದು ಮಾತು ತಲುಪಿಸಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನ ಬ್ಯಾಗ್ ಇಲ್ಲದ ದಿನಗಳು ಅಂತ ಇದೆ. ಮಕ್ಕಳು ಬಡಗಿ, ತೋಟಗಾರ, ಕುಂಬಾರ, ಕಲಾವಿದರ ಹತ್ತಿರ ಹೋಗಿ ಕಲಿಯಲಿ ಅಂತ. ನೀತಿಯ ಬಗ್ಗೆ ಜಗಳ ಇದ್ದರೆ ಇರಲಿ, ಈ ಒಂದು ಯೋಚನೆ ತೆಗೆದುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಬೀದರ್ ಶಾಲೆಗೆ ಅದು ಎಷ್ಟು ಸುಲಭ! ಆಟೊ ಖರ್ಚು ಅಷ್ಟೇ.

ನಾನು ಹೊಸದಾಗಿ ಸೇರಿದ ವಿಜ್ಞಾನ ಶಿಕ್ಷಕಿ. ಶಾಲೆಯಲ್ಲಿ ಲ್ಯಾಬ್ ಸಾಮಾನು ಇದೆ, ಕಪಾಟಿಗೆ ಬೀಗ ಇದೆ. 'ಒಡೆದರೆ ಯಾರು ಕಟ್ಟಿಕೊಡ್ತಾರೆ' ಅಂತಾರೆ. ಪ್ರಯೋಗಕ್ಕೆ ಬೋರ್ಡ್ ಪರೀಕ್ಷೆ ಇಲ್ಲ, ಯಾಕೆ ಬೇಕು ಅಂತಾನೂ ಅಂತಾರೆ. – ಚಿಂಚೋಳಿ ತಾಲ್ಲೂಕು

ತಂಗಿ, ಆ ಬೀಗ ನನಗೆ ಚೆನ್ನಾಗಿ ಗೊತ್ತು. ನನ್ನ ಹೊಲಿಗೆ ಯಂತ್ರಗಳಿಗೂ ಅದೇ ಬೀಗ ಹಾಕಿಡುತ್ತಿದ್ದರು. ಬೀಗದ ಹಿಂದೆ ಕೆಟ್ಟ ಮನಸ್ಸು ಇರುವುದಿಲ್ಲ, ಸ್ಟಾಕ್ ರಿಜಿಸ್ಟರ್ ಇರುತ್ತದೆ. ಚಾರ್ಜ್ ಕೊಡುವ ದಿನ ಒಂದು ಬೀಕರ್ ಕಡಿಮೆ ಬಂದರೆ ತಮ್ಮ ತಲೆಗೆ ಬರುತ್ತದೆ ಅಂತ ಹೆದರಿಕೆ. ನೀನು ಮೊದಲು ಆ ಹೆದರಿಕೆಗೆ ಔಷಧ ಮಾಡು. ಒಂದು ನೋಟ್‌ಬುಕ್ ಇಡು. ಯಾವ ದಿನ, ಯಾವ ತರಗತಿ, ಯಾವ ಪ್ರಯೋಗ, ಏನು ಒಡೆಯಿತು ಅಂತ ಬರೆದು ಆಯಾ ದಿನವೇ ಮುಖ್ಯ ಶಿಕ್ಷಕರ ಸಹಿ ಮಾಡಿಸು. ಗಾಜಿನ ಸಾಮಾನು, ರಾಸಾಯನಿಕ ಎಲ್ಲ ಬಳಸಿದರೆ ಮುಗಿಯುವಂಥವು ಅಂತ ರಿಜಿಸ್ಟರ್‌ಗೂ ಗೊತ್ತು. ವರ್ಷದ ಕೊನೆಗೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಆ ನೋಟ್‌ಬುಕ್ ಇಟ್ಟರೆ ಬಾಯಿ ತೆರೆಯುವವರು ಕಡಿಮೆ.

ಬೋರ್ಡ್ ಪರೀಕ್ಷೆಯ ಮಾತಿಗೂ ಉತ್ತರವಿದೆ. ವಿಜ್ಞಾನಕ್ಕೆ 80 ಅಂಕ ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 20 ಅನ್ನು ಕುರ್ಚಿಯಲ್ಲಿ ಕೂತು ತುಂಬಬಹುದು, ಪ್ರಯೋಗ ಮಾಡಿಸಿಯೂ ತುಂಬಬಹುದು. ಅದು ನಿನ್ನ ಕೈಯಲ್ಲಿದೆ.

ಬೀಗ ತೆರೆಯುವವರೆಗೆ ಸುಮ್ನೆ ಕೂರಬೇಡ. ನೀನಿರುವ ಜಾಗವೇ ಒಂದು ಲ್ಯಾಬ್. ಸೇಡಂ, ಶಹಾಬಾದ್ ಕಡೆ ಎಲ್ಲಿ ನೋಡಿದರೂ ಸುಣ್ಣಕಲ್ಲು, ಅದಕ್ಕೇ ಅಲ್ಲಿ ಸಿಮೆಂಟ್ ಫ್ಯಾಕ್ಟರಿಗಳು. ಮನೆ ನೆಲಕ್ಕೆ ಹಾಕುವ ಶಹಾಬಾದ್ ಕಲ್ಲಿನ ಒಂದು ಚೂರು ತಂದು ಅದರ ಮೇಲೆ ತಿಳಿ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಡು. ಬುಸ್ ಅಂತ ನೊರೆ ಬರುತ್ತದೆ. ಆ ಅನಿಲವನ್ನು ಸುಣ್ಣದ ತಿಳಿನೀರಿಗೆ ಬಿಟ್ಟರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಪಾಠ ಆಯಿತು. ತಮ್ಮ ಮನೆಯ ನೆಲದೊಳಗೆ ಅದು ಕೂತಿದೆ ಅಂತ ಗೊತ್ತಾದ ಮಗು ಅದನ್ನು ಮರೆಯುವುದಿಲ್ಲ. ಆಮ್ಲ ಮಾತ್ರ ನೀನೇ ಹಾಕು, ಮಕ್ಕಳ ಕೈಗೆ ಡ್ರಾಪರ್ ಕೊಡಬೇಡ.

ಇನ್ನೊಂದು ತೊಗರಿ. ನಮ್ಮ ಜಿಲ್ಲೆಯನ್ನು ತೊಗರಿ ಕಣಜ ಅಂತಾರೆ, ಇಲ್ಲಿನ ತೊಗರಿಗೆ 2019ರಲ್ಲಿ ಊರಿನ ಹೆಸರಿಗೇ ಸಲ್ಲುವ ಭೌಗೋಳಿಕ (ಜಿಐ) ಗುರುತೂ ಬಂದಿದೆ. ಬಿತ್ತನೆ ಆಗಿ ಗಿಡ ಮೊಣಕಾಲುದ್ದ ಬೆಳೆದಾಗ ಹೊಲದ ಮಾಲೀಕರನ್ನು ಕೇಳಿ ಮಕ್ಕಳನ್ನು ಕರೆದುಕೊಂಡು ಹೋಗು. ಗಿಡವನ್ನು ಎಳೆಯಬಾರದು, ಸುತ್ತ ಮಣ್ಣು ಅಗೆದು ಮೆಲ್ಲಗೆ ತೆಗೆಯಬೇಕು. ಎಳೆದರೆ ಗಂಟುಗಳು ಮಣ್ಣಲ್ಲೇ ಉಳಿಯುತ್ತವೆ. ಬೇರು ತೊಳೆದರೆ ಚಿಕ್ಕ ಚಿಕ್ಕ ಗಂಟು ಕಾಣುತ್ತವೆ. ಬ್ಲೇಡ್‌ನಿಂದ ಸೀಳಿದಾಗ ಒಳಗೆ ಗುಲಾಬಿ ಬಣ್ಣ ಕಂಡರೆ ಅಲ್ಲಿನ ರೈಜೋಬಿಯಂ ಬ್ಯಾಕ್ಟೀರಿಯಾ ಕೆಲಸದಲ್ಲಿವೆ, ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುತ್ತಿವೆ ಅಂತ ಅರ್ಥ. ಒಳಗೆ ಹಸಿರೋ ಕಂದೋ ಇದ್ದರೆ ಕೆಲಸ ನಿಂತಿದೆ. ತೊಗರಿ ಬೆಳೆದ ಹೊಲದಲ್ಲಿ ಮುಂದಿನ ಜೋಳ ಚೆನ್ನಾಗಿ ಬರುತ್ತದೆ ಅಂತ ಅವರ ಮನೆಯ ಹಿರಿಯರು ಹೇಳಿರುತ್ತಾರೆ. ಯಾಕೆ ಅಂತ ಹೇಳುವ ಮಗು ಸಂಜೆ ಮನೆಯಲ್ಲಿ ಮೊದಲ ಸಲ ಮುತ್ಯಾನಿಗೆ ಪಾಠ ಹೇಳಬಹುದು. ಮರುದಿನ ನಿನ್ನ ಪಿರಿಯಡ್‌ಗೆ ಯಾರೂ ತಪ್ಪಿಸುವುದಿಲ್ಲ, ನೋಡುತ್ತಿರು.

ನಮ್ಮ ಕಾಲದಲ್ಲಿ ತಕಲಿ ನೂಲುವುದು, ತೋಟದ ಕೆಲಸ, ಬಡಗಿ ಕೆಲಸ ಎಲ್ಲ ಶಾಲೆಯಲ್ಲೇ ಇತ್ತು. ಈಗ ಹೊಸದಾಗಿ ಕಂಡುಹಿಡಿದವರ ಹಾಗೆ 'ಸ್ಕಿಲ್' ಅಂತಾರೆ. ನಗು ಬರ್ತದ. – ಹಿರಿಯ ಓದುಗರು, ಯಾದಗಿರಿ

ಮುತ್ಯಾ, ನಿಮ್ಮ ನಗುವಿಗೆ ಕಾರಣ ಇದೆ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ, ಕೈಕೆಲಸದ ಮೂಲಕ ಕಲಿಸುವ ನಯೀ ತಾಲೀಮ್‌ನಿಂದ ನಿಮ್ಮ ತಕಲಿ ಬಂತು. 1952–53ರ ಮೊದಲಿಯಾರ್ ಆಯೋಗ ಬಹೂದ್ದೇಶ ಹೈಸ್ಕೂಲು ಬೇಕು ಅಂತು. ಕಲೆ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಅಂತ ಏಳು ದಾರಿಯಲ್ಲಿ ಮಕ್ಕಳು ತಮಗೆ ಬೇಕಾದ್ದು ಆರಿಸಲಿ ಅಂತ. ನಮ್ಮ ಭಾಗ ಆಗ ಹೈದರಾಬಾದ್ ರಾಜ್ಯದಲ್ಲಿತ್ತು. ಹಳೆ ಶಾಲೆಗಳ ಬೋರ್ಡಿನಲ್ಲಿ 'ಎಂಪಿಎಚ್‌ಎಸ್' (ಮಲ್ಟಿಪರ್ಪಸ್ ಹೈಸ್ಕೂಲ್) ಅನ್ನುವ ಅಕ್ಷರ ಕಂಡರೆ ಅದು ಆ ಕಾಲದ ಗುರುತು. ಆಮೇಲೆ 1964–66ರ ಕೊಠಾರಿ ಆಯೋಗ ಕಾರ್ಯಾನುಭವ ಅಂತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಅಂತು. ಹೆಸರು ಬದಲಾದಾಗಲೆಲ್ಲ ಒಂದು ಹೊಸ ರಿಜಿಸ್ಟರ್ ಬರುತ್ತಿತ್ತು, ಹೊಲಿಗೆ ಕೋಣೆಗೆ ದಾರದ ಉಂಡೆ ಬರುತ್ತಿರಲಿಲ್ಲ. ಈಗಿನದರಲ್ಲಿ ಒಂದು ವ್ಯತ್ಯಾಸ ಇದೆ, ಅದನ್ನು ಒಪ್ಪಬೇಕು. ಅಂಕಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಪರೀಕ್ಷೆಗೆ ಬಂದದ್ದನ್ನು ಮಾತ್ರ ನಮ್ಮ ಪಾಲಕರು ನಂಬುತ್ತಾರೆ, ನಿಮಗೆ ಗೊತ್ತಿಲ್ಲದ್ದೇನಲ್ಲ.

ಸೇಡಂನಿಂದ ಬರೆಯುತ್ತಿದ್ದೇನೆ. ಮಗನಿಗೆ ಕಣ್ಣು ಕಾಣುವುದಿಲ್ಲ. ಅವನು ಗಣಿತ, ವಿಜ್ಞಾನದ ಬದಲು ಬೇರೆ ವಿಷಯ ತೆಗೆದುಕೊಳ್ಳಬಹುದೇ?

ತೆಗೆದುಕೊಳ್ಳಬಹುದು. ವಿಶೇಷ ಚೇತನ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಪರ್ಯಾಯ ವಿಷಯಗಳಿವೆ. ಗಣಿತಕ್ಕೆ ಸಮಾಜಶಾಸ್ತ್ರ, ವಿಜ್ಞಾನಕ್ಕೆ ರಾಜ್ಯಶಾಸ್ತ್ರ ಅಥವಾ ಸಂಗೀತ. ಬರೆಯಲು ಸಹಾಯಕರು, ಹೆಚ್ಚಿನ ಸಮಯ ಕೂಡ ಸಿಗುತ್ತದೆ. ಎಲ್ಲವನ್ನೂ ನೋಂದಣಿ ಸಮಯದಲ್ಲೇ ಶಾಲೆಯ ಮೂಲಕ ವೈದ್ಯಕೀಯ ಪ್ರಮಾಣಪತ್ರದ ಜೊತೆ ಕೇಳಬೇಕು. ಪರೀಕ್ಷೆ ಹತ್ತಿರ ಬಂದಾಗ ಕೇಳಿದರೆ ಕಷ್ಟ. ಆದರೆ ಗಣಿತ ಅವನಿಗೆ ಇಷ್ಟವೇ ಅಂತ ಮೊದಲು ಅವನನ್ನೇ ಕೇಳಿ. ಬಿಟ್ಟರೆ ಮುಂದೆ ಕೆಲವು ಬಾಗಿಲು ಮುಚ್ಚುತ್ತವೆ. ಕಣ್ಣು ಕಾಣದ್ದಕ್ಕೆ ಲೆಕ್ಕ ಬರುವುದಿಲ್ಲ ಅಂತ ದೊಡ್ಡವರೇ ತೀರ್ಮಾನ ಮಾಡಿಬಿಡುತ್ತಾರೆ.

ನಮ್ಮ ಶಾಲೆಗೆ ಅಟಲ್ ಟಿಂಕರಿಂಗ್ ಲ್ಯಾಬ್ ಬಂದಿದೆ. ತ್ರೀಡಿ ಪ್ರಿಂಟರ್ ಇದೆ. ಅತಿಥಿಗಳು ಬಂದಾಗ ಬಟ್ಟೆ ತೆಗೆದು ತೋರಿಸುತ್ತಾರೆ, ಮತ್ತೆ ಮುಚ್ಚುತ್ತಾರೆ. – ಎಸ್‌ಡಿಎಂಸಿ ಸದಸ್ಯ, ಗುರುಮಠಕಲ್

ಮಕ್ಕಳು ತಾವೇ ಸಾಧನ ಮಾಡಿ ಕಲಿಯಲಿ ಅಂತ ಇರುವ ಆ ಲ್ಯಾಬ್ ಹೆಸರಿನಲ್ಲಿ ನೀತಿ ಆಯೋಗದಿಂದ ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು ಇದೆ. ಹತ್ತು ಲಕ್ಷ ಸಾಮಾನಿಗೆ, ಹತ್ತು ಲಕ್ಷ ಐದು ವರ್ಷದ ನಿರ್ವಹಣೆಗೆ. ಅಂದರೆ ಸಾಮಾನು ಬಳಸಿ ಹಾಳಾಗಲಿ, ಮತ್ತೆ ತನ್ನಿ ಅಂತಲೇ ದುಡ್ಡು ಕೊಟ್ಟಿದ್ದಾರೆ. ಸಭೆಯಲ್ಲಿ ಇದನ್ನು ಹೇಳಿ. ಪ್ರಿಂಟರ್ ಬಿಡಿ, ಅದು ಒಬ್ಬ ಮಗು ನೋಡುತ್ತ ನಿಲ್ಲುವ ಯಂತ್ರ. ಪೆಟ್ಟಿಗೆಯಲ್ಲಿರುವ ಸೆನ್ಸರ್, ಮೋಟಾರ್, ಬೆಸುಗೆ ಹಾಕುವ ಕಡ್ಡಿ ಇವನ್ನು ಹೊರಗೆ ತೆಗೆಸಿ. ಶಾಲೆಯ ನೀರಿನ ಟ್ಯಾಂಕ್ ತುಂಬಿ ಹರಿಯುತ್ತಿದ್ದರೆ ತುಂಬಿದಾಗ ಬಜರ್ ಬಾರಿಸುವ ಒಂದು ಸಾಧನ ಮಾಡಿ ಅಂತ ಎಂಟನೇ ಕ್ಲಾಸಿನವರಿಗೆ ಹೇಳಿ. ಮಾಡಿ ತೋರಿಸುತ್ತಾರೆ.

ನಾನು ಹತ್ತನೇ ಕ್ಲಾಸ್. ನಮ್ಮ ಕಾರ್ಯಾನುಭವ ಪಿರಿಯಡ್‌ನಲ್ಲಿ ಗಣಿತದ ಸ್ಪೆಷಲ್ ಕ್ಲಾಸ್ ನಡೆಯುತ್ತದೆ. ನನಗೆ ಹೊಲಿಗೆ ಕಲಿಯಬೇಕು. ಅವ್ವ ಮಶೀನ್ ಕೊಡಿಸುತ್ತೇನೆ ಅಂದಿದ್ದಾಳೆ. ಯಾವುದು ತಗೊಳ್ಳಲಿ? – ವಿದ್ಯಾರ್ಥಿನಿ, ಹುಮನಾಬಾದ್

ನನ್ನ ಪಿರಿಯಡ್ ಕಿತ್ತುಕೊಂಡವರು ಇನ್ನೂ ಹಾಗೇ ಇದ್ದಾರಾ! ಇರಲಿ. ಹತ್ತನೇ ಕ್ಲಾಸಿನಲ್ಲಿ ಗಣಿತದವರ ಜೊತೆ ಜಗಳ ಆಡಿ ನೀನು ಗೆಲ್ಲುವುದಿಲ್ಲ. ಮಾರ್ಚ್ ಮುಗಿಯಲಿ, ರಜೆಯಲ್ಲಿ ಶುರು ಮಾಡು.

ಹೊಸ ಫ್ಯಾನ್ಸಿ ಮಶೀನ್ ಬೇಡ. ಕಾಲಿನಿಂದ ತುಳಿಯುವ, ನೇರ ಹೊಲಿಗೆಯ ಕಪ್ಪು ಮಶೀನ್ ಸೆಕೆಂಡ್ ಹ್ಯಾಂಡ್ ಸಿಕ್ಕರೂ ಸಾಕು. ಕೊಳ್ಳುವ ಮೊದಲು ಚಕ್ರವನ್ನು ಕೈಯಿಂದ ತಿರುಗಿಸು. ಎಲ್ಲೂ ಬಿಗಿಯಾಗದೆ ತಿರುಗಬೇಕು. ಸೂಜಿ ಹಿಡಿಯುವ ಕಂಬಿಯನ್ನು ಹಿಂದೆ ಮುಂದೆ ಅಲ್ಲಾಡಿಸಿ ನೋಡು, ಸಡಿಲವಿದ್ದರೆ ಬಿಡು. ಎರಡು ಮಡಿಕೆ ಬಟ್ಟೆಯ ಮೇಲೆ ಒಂದು ಮೊಳ ಹೊಲಿಸಿ ಹೊಲಿಗೆಯ ಎರಡೂ ಬದಿ ನೋಡು. ಕೆಳಗೆ ದಾರ ಕುಣಿಕೆ ಕುಣಿಕೆಯಾಗಿ ನಿಂತರೆ ಮೇಲಿನ ದಾರದ ಬಿಗಿ ಸರಿಯಿಲ್ಲ, ಅದು ಸ್ಕ್ರೂ ತಿರುಗಿಸಿದರೆ ಹೋಗುವ ದೋಷ, ಹೆದರಬೇಡ. ಜೊತೆಗೆ ಒಂದು ಬಾಬಿನ್ ಕೇಸ್ ಹೆಚ್ಚಿಗೆ ಕೇಳಿ ತಗೋ. ಸಾಮಾನ್ಯ ಹತ್ತಿ ಬಟ್ಟೆಗೆ 14ನೇ ನಂಬರ್ ಸೂಜಿ, ದಪ್ಪ ಬಟ್ಟೆಗೆ 16.

ಮೊದಲಿಗೆ ಬಟ್ಟೆಯೇ ಬೇಡ. ಸೂಜಿಗೆ ದಾರ ಹಾಕದೆ ಗೆರೆ ಇರುವ ಕಾಗದದ ಮೇಲೆ ಹೊಲಿಯುತ್ತ ಹೋಗು. ತೂತು ಗೆರೆಯ ಮೇಲೇ ಬೀಳುವವರೆಗೆ. ಆ ಸೂಜಿಯನ್ನು ಕಾಗದಕ್ಕೇ ಇಟ್ಟುಬಿಡು, ಮೊಂಡಾಗಿರುತ್ತದೆ. ಆಮೇಲೆ ದಿಂಬಿನ ಗವಸು, ಕೈಚೀಲ, ಪೆಟಿಕೋಟ್. ಕುಪ್ಪಸಕ್ಕೆ ಅವಸರ ಬೇಡ, ತೋಳು ಕೂರಿಸುವುದು ಕಷ್ಟ. ಮನೆಯಲ್ಲಿ ಅಜ್ಜಿ ಕೌದಿ ಹೊಲಿಯುತ್ತಿದ್ದರೆ ಪಕ್ಕದಲ್ಲಿ ಕೂತು ಕೈಹೊಲಿಗೆಯನ್ನೂ ಕಲಿ, ಸಮ ಅಂತರದಲ್ಲಿ ಸೂಜಿ ಹಾಕುವುದು ಅಲ್ಲಿಂದಲೇ ಬರುತ್ತದೆ. ಮಶೀನಿಗೆ ಎಣ್ಣೆ ಹಾಕಿದ ದಿನ ಮೊದಲು ಯಾವುದಾದರೂ ಹಳೆ ಬಟ್ಟೆಯ ಮೇಲೆ ಹೊಲಿ. ಇಲ್ಲದಿದ್ದರೆ ಅವ್ವನ ಹೊಸ ಸೀರೆಗೆ ಫಾಲ್ ಹಚ್ಚುವಾಗ ಕಲೆ ಬಿದ್ದು ಬೈಸಿಕೊಳ್ಳುತ್ತಿ.